ಚಿಕ್ಕತಾಯಮ್ಮನ ಎರಡು ಹಲ್ಲು

ಆ ಎರಡು ಹಲ್ಲುಗಳು ಹುಳುಕಾಗಿರಲಿಲ್ಲ. ಹುಳುಕಾಗಿವೆ ಎಂದು ಸುಳ್ಳು ಹೇಳಿ ಕಿತ್ತವಳು ನಾನು. ಹಲ್ಲಿನ ಡಾಕ್ಟರು, ಸರ್ಕಾರಿ ಕೆಲಸದವಳು, ಊರೂರಿಗೆ ಹೋಗಿ ‘ಹಲ್ಲು ಉಳಿಸಿಕೊಳ್ಳಿ’ ಎಂದು ಭಾಷಣ ಮಾಡಿದವಳು — ನಾನೇ.

ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಲಿಲ್ಲ ಎನ್ನುವುದಕ್ಕಿಂತ, ಅದರ ಜಾಗದಲ್ಲಿ ಬೇರೆ ಏನನ್ನೋ ಹೇಳಿಕೊಂಡು ಬಂದೆ — ಅದು ಇನ್ನೂ ದೊಡ್ಡ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ. ಈಗ ಬರೆಯುತ್ತಿರುವಾಗ ಎದೆ ಹಗುರಾಗಿದೆ ಎಂದರೆ ಯಾರಾದರೂ ಮುಖ ಸಿಂಡರಿಸಬಹುದು. ತಪ್ಪು ಮಾಡಿದವಳಿಗೆ ಹಗುರಾಗುವ ಹಕ್ಕೇನಿದೆ ಎಂದು ಕೇಳಬಹುದು. ಹಕ್ಕಿಲ್ಲ. ಆದರೂ ಹಗುರಾಗಿದೆ. ನಿಜ ಹೇಳಲೆಂದೇ ಕೂತಿರುವುದರಿಂದ ಅದನ್ನೂ ಮುಚ್ಚಿಡುವುದಿಲ್ಲ.

ನಾನು ಚನ್ನರಾಯಪಟ್ಟಣದ ದಿನಸಿ ಅಂಗಡಿಯ ಮನೆಯಲ್ಲಿ ಬೆಳೆದವಳು. ಅಂಗಡಿಯಲ್ಲಿ ಬೆಳೆದವರಿಗೆ ಪಟ್ಟಿ ಎಂದರೆ ಜೀವ. ಪಟ್ಟಿಯಲ್ಲಿ ಒಂದು ಸಾಲು ಖಾಲಿ ಬಿದ್ದಿದ್ದರೆ ನನಗೆ ಊಟ ಸೇರುವುದಿಲ್ಲ. ಅಪ್ಪ ನಗುತ್ತಿದ್ದರು — ಇವಳು ಸ್ವರ್ಗಕ್ಕೆ ಹೋದರೂ ಬಾಗಿಲಲ್ಲಿ ನಿಂತು ಹಾಜರಾತಿ ತೆಗೆದುಕೊಳ್ಳುತ್ತಾಳೆ ಅಂತ. ಈ ಗುಣದಿಂದಲೇ ನಾನು ಇಲಾಖೆಯಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡೆ. ಈ ಗುಣದಿಂದಲೇ ಆ ಹಲ್ಲುಗಳನ್ನೂ ತೆಗೆದೆ.

ಆಗ ನನ್ನನ್ನು ನಿಯೋಜನೆಯ ಮೇಲೆ ತಿರುಗಿಸುತ್ತಿದ್ದರು. ವಾರದಲ್ಲಿ ಎರಡು ದಿನ ಹೊಳೆನರಸೀಪುರ, ಎರಡು ದಿನ ಅರಕಲಗೂಡಿನ ಕಡೆಯ ಹಳ್ಳಿಗಳು, ಒಂದು ದಿನ ದಂಡಿಗನಹಳ್ಳಿಯ ಕಡೆ, ಶನಿವಾರ ಹಾಸನದಲ್ಲಿ ಸಭೆ. ಕೈಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಹಲ್ಲು ಕೀಳುವ ಇಕ್ಕಳಗಳು, ಮರಗಟ್ಟಿಸುವ ಇಂಜೆಕ್ಷನ್ನು, ಹತ್ತಿ. ಹಲ್ಲು ತುಂಬುವ ಸಾಮಾನು ಬಂದರೆ ಯಂತ್ರ ಕೆಟ್ಟಿರುತ್ತಿತ್ತು, ಯಂತ್ರ ಸರಿಹೋದರೆ ಸಾಮಾನು ಮುಗಿದಿರುತ್ತಿತ್ತು. ಉಳಿಸುವ ಕೆಲಸ ಕಲಿತು ಬಂದವಳು ನಾನು; ಮಾಡುತ್ತಿದ್ದದ್ದು ಕೀಳುವ ಕೆಲಸ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹಲ್ಲು ಕೀಳುವುದು ನನಗೆ ಎಷ್ಟು ಸಲೀಸಾಗಿತ್ತು ಎಂದು ತಿಳಿಯಲಿ ಅಂತ ಹೇಳಿದೆ.

ಆ ವರ್ಷ ವಯಸ್ಸಾದ ಬಡವರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವ ಯೋಜನೆ ಬಂತು. ಒಳ್ಳೆಯ ಯೋಜನೆ — ಇವತ್ತಿಗೂ ಹಾಗೇ ಹೇಳುತ್ತೇನೆ. ಹತ್ತಾರು ವರ್ಷ ಬೋಳು ದವಡೆಯಲ್ಲಿ ಬದುಕಿದವರು ಹೊಸ ಹಲ್ಲು ಹಾಕಿಕೊಂಡು ಕನ್ನಡಿ ಮುಂದೆ ನಾಚಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಆದರೆ ನಿಯಮ ಹೀಗಿತ್ತು: ಬಾಯಲ್ಲಿ ಒಂದು ಹಲ್ಲೂ ಇರಬಾರದು. ಒಂದೋ ಎರಡೋ ಉಳಿದಿದ್ದವರಿಗೆ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಯಾರೋ ಕಚೇರಿಯಲ್ಲಿ ಕೂತು ಸುತ್ತೋಲೆ ಮಾಡಿ ಕಳಿಸಿದ ಹಾಗಿತ್ತು.

ಅರಕಲಗೂಡು ತಾಲೂಕಿನಲ್ಲಿ, ಮಲ್ಲಿಪಟ್ಟಣದಿಂದ ಒಳಗೆ ಹೋದರೆ ಸಿಗುವ ಒಂದು ಊರು. ಹೆಸರು ಬೇಡ. ಜನವರಿಯಲ್ಲಿ ಅಲ್ಲಿಯ ಶಾಲೆಯ ಜಗುಲಿಯಲ್ಲಿ ಶಿಬಿರ ಹಾಕಿದ್ದೆವು. ಹಲ್ಲಿನ ಸೆಟ್ಟು ಮಾಡುವ ಕಾಲೇಜಿನವರು ಮಾರ್ಚಿನಲ್ಲಿ ಬಸ್ಸು ಕಳಿಸುತ್ತೇವೆ, ಇಪ್ಪತ್ತು ಜನರ ಪಟ್ಟಿ ಸಿದ್ಧ ಮಾಡಿ ಎಂದಿದ್ದರು. ಹತ್ತೊಂಬತ್ತು ಹೆಸರು ತುಂಬಿತ್ತು. ಇಪ್ಪತ್ತನೆಯ ಸಾಲು ಖಾಲಿ.

ಆಗ ಬಂದವರು ಚಿಕ್ಕತಾಯಮ್ಮ. ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ದನದ ದಳ್ಳಾಳಿ, ಸಂತೆ ಸಂತೆ ತಿರುಗಿದವನು, ಆಗಲೇ ತೀರಿಕೊಂಡಿದ್ದ. ಈಕೆ ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದರು, ಉಳಿದ ಕಾಲದಲ್ಲಿ ಸಿಕ್ಕಿದ ಕೆಲಸಕ್ಕೆ. ಬಾಯಿ ತೆರೆದರೆ ಮೇಲೆ ಬೋಳು. ಕೆಳಗೆ ಮಾತ್ರ ಎಡಕ್ಕೊಂದು ಬಲಕ್ಕೊಂದು ಕೋರೆಹಲ್ಲು, ಕಾವಲಿಗೆ ನಿಂತವರ ಹಾಗೆ.

“ನಂದಿನ್ನೂ ಎರಡಲ್ಲು ಕಣವ್ವ,” ಎಂದು ನಕ್ಕರು. “ದನಿನ ಲೆಕ್ಕದಲ್ಲಿ ನಾನಿನ್ನೂ ಎಳೆಗರ.”

ಎರಡು ಹಲ್ಲು ಹುಟ್ಟಿದ ಕರು ಎಂದರೆ ಇನ್ನೂ ಹರೆಯದ್ದು, ಆಗಷ್ಟೇ ನೊಗಕ್ಕೆ ಬರುವಂಥದ್ದು, ಆ ತಮಾಷೆ. ಜಗುಲಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆ ಹಲ್ಲುಗಳನ್ನು ಅಲ್ಲಾಡಿಸಿ ನೋಡಿದೆ — ಅಲ್ಲಾಡಲಿಲ್ಲ. ತಟ್ಟಿ ನೋಡಿದೆ — ನೋವಿಲ್ಲ. ಕೆಳದವಡೆಯ ಕೋರೆಹಲ್ಲು ಎಷ್ಟು ಬೆಲೆಯುಳ್ಳದ್ದು ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಕೆಳಗಿನ ಸೆಟ್ಟು ಬಾಯಲ್ಲಿ ನಿಲ್ಲುವುದೇ ಕಷ್ಟ. ಅಂಥ ಎರಡು ಹಲ್ಲಿದ್ದರೆ ಅವನ್ನು ಹಿಡಿದುಕೊಂಡು ನಿಲ್ಲುತ್ತದೆ. ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ.

ಚಿಕ್ಕತಾಯಮ್ಮನಿಗೆ ಹಲ್ಲಿನ ಸೆಟ್ಟು ಬೇಕಾಗಿತ್ತು. ನನಗೆ ಇಪ್ಪತ್ತನೆಯ ಹೆಸರು ಬೇಕಾಗಿತ್ತು. ನಡುವೆ ಈ ಎರಡು ಹಲ್ಲು. ಗಾಯ ಮಾಯಲು ಕೆಲವು ವಾರ ಬೇಕು, ಇವತ್ತು ಕಿತ್ತರೆ ಮಾರ್ಚಿಗೆ ಸರಿಹೋಗುತ್ತದೆ — ತಲೆ ಆಗಲೇ ದಿನ ಎಣಿಸುತ್ತಿತ್ತು.

ಒಂದು ಮಾತು ಕೇಳಬಹುದಿತ್ತು. ‘ಅಜ್ಜಿ, ಇವು ಒಳ್ಳೆಯ ಹಲ್ಲು. ಆದರೆ ಇವು ಇದ್ದರೆ ಸರ್ಕಾರ ಸೆಟ್ಟು ಕೊಡುವುದಿಲ್ಲ. ಏನು ಮಾಡೋಣ, ನೀವೇ ಹೇಳಿ’ — ಇಷ್ಟೇ. ಕೇಳಿದ್ದರೆ ಅವರು ಕೀಳಿ ಎನ್ನುತ್ತಿದ್ದರೋ ಬೇಡ ಎನ್ನುತ್ತಿದ್ದರೋ, ಆ ತೀರ್ಮಾನ ಅವರದಾಗುತ್ತಿತ್ತು. ಹಿಂದೆ ಹಲ್ಲುನೋವಿನ ಇನ್ನೂ ಮೂವತ್ತು ಜನ ಸಾಲಿನಲ್ಲಿದ್ದರು. ವಿವರಿಸುತ್ತಾ ಕೂತರೆ ಬೇಡ ಎಂದುಬಿಟ್ಟಾರು ಎಂಬ ಭಯ — ಹೌದು, ಅದೇ, ಬೇಡ ಎಂದುಬಿಟ್ಟಾರು ಎಂಬ ಭಯ.

“ಒಳಗೆ ಹುಳುಕಾಗಿದೆ ಅಜ್ಜಿ,” ಎಂದೆ. “ಬಿಟ್ಟರೆ ಕೀವಾಗುತ್ತೆ.”

ಅವರು ನನ್ನ ಮುಖ ನೋಡಿದರು. “ಗಟ್ಟಿಗವಲ್ಲವ್ವ?” ಎಂದರು. ಮೇಲೆ ಗಟ್ಟಿಯಾಗಿ ಕಾಣುತ್ತೆ, ಒಳಗೆ ಕೆಟ್ಟಿದೆ ಎಂದೆ. ನೀವು ಓದಿದವರು, ನಿಮಗೆ ಗೊತ್ತಿರುತ್ತದೆ ಎಂದು ಬಾಯಿ ತೆರೆದರು.

ಹುಳುಕು ಹಲ್ಲು ಇಕ್ಕಳ ಹಿಡಿದರೆ ಪುಡಿಯಾಗಿ ಬರುತ್ತದೆ. ಒಳ್ಳೆಯ ಕೋರೆಹಲ್ಲು ಹಾಗಲ್ಲ. ಅದರ ಬೇರು ಉದ್ದ, ದವಡೆ ಅದನ್ನು ಬಿಟ್ಟುಕೊಡುವುದಿಲ್ಲ. ನನ್ನ ಮೊಣಕೈಯವರೆಗೆ ನೋವು ಬಂತು. ಕೈ ನನಗೆ ಹೇಳುತ್ತಲೇ ಇತ್ತು — ಇದು ಬೇಡ, ಇದು ಬೇಡ. ಎರಡನೆಯದಕ್ಕೂ ಹಾಗೇ ಆಯಿತು. ಚಿಕ್ಕತಾಯಮ್ಮ ಒಂದು ಸಲವೂ ನರಳಲಿಲ್ಲ. ಕೊನೆಗೆ ಹತ್ತಿ ಕಚ್ಚಿಕೊಂಡು, ಕೈ ನೀಡಿ, ಹಲ್ಲು ಕೊಡಿ ಎಂದು ಸನ್ನೆ ಮಾಡಿದರು. ಕೊಟ್ಟೆ. ಜಗುಲಿಯ ಅಂಚಿನ ಬಿಸಿಲಿಗೆ ಹೋಗಿ ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದರು. ಆಮೇಲೆ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಇಪ್ಪತ್ತನೆಯ ಸಾಲು ತುಂಬಿದೆ. ಆವತ್ತು ಊಟ ಸೇರಿತು.

ಮಾರ್ಚಿನಲ್ಲಿ ಸೆಟ್ಟು ಬಂತು. ಮೇಲಿನದು ಪರವಾಗಿಲ್ಲ, ಕೆಳಗಿನದು ನಿಲ್ಲಲಿಲ್ಲ. ಮಾತಾಡಿದರೆ ಎದ್ದು ಬರುತ್ತಿತ್ತು, ಉಣ್ಣಲು ಕೂತರೆ ಜಾರುತ್ತಿತ್ತು. ಎರಡು ಸಲ ಬಸ್ಸು ಹಿಡಿದು ನಾನಿದ್ದ ಕಡೆಗೆ ಹುಡುಕಿಕೊಂಡು ಬಂದರು. ಅರ ಹಾಕಿ ಉಜ್ಜಿ, ಅಭ್ಯಾಸವಾಗುತ್ತೆ ಎಂದು ಕಳಿಸಿದೆ. ಮೂರನೆಯ ಸಲ ಬರಲಿಲ್ಲ. ಅವರು ಹೋದ ಮೇಲೆ ನರ್ಸಿನ ಹತ್ತಿರ ನಾನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ — ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಅಂತ. ಎರಡು ಒಳ್ಳೆಯ ಹಲ್ಲು ಕಿತ್ತುಕೊಂಡವಳು ಧರ್ಮದ ಮಾತಾಡಿದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುವರ್ಷ ಆ ಊರಿನಲ್ಲಿ ಶಿಬಿರ ಹಾಕಿದಾಗ ಒಬ್ಬರೂ ಬರಲಿಲ್ಲ. ಶಾಲೆಯ ಜಗುಲಿಯಲ್ಲಿ ನಾನು, ನರ್ಸು, ಮತ್ತು ಊರಿನ ಆಶಾ ಕಾರ್ಯಕರ್ತೆ ಶೋಭಾ. ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಕೂತೆವು. ಯಾಕೆ ಯಾರೂ ಬರಲಿಲ್ಲ ಎಂದು ಕೇಳಿದರೆ ಶೋಭಾ ಸೆರಗಿನ ತುದಿ ನೋಡಿಕೊಂಡು, ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ಎಲ್ಲ ಅಂತಾರೆ ಮೇಡಂ, ಎಂದಳು. ಚಿಕ್ಕತಾಯಮ್ಮನಿಗೆ ಆ ವರ್ಷ ಕಣ್ಣಿನ ಪೊರೆ ಬಂದಿತ್ತಂತೆ.

ಅಬ್ಬಾ, ಎಷ್ಟು ಸಮಾಧಾನವಾಯಿತು ನನಗೆ! ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗಿಯಾರು ಎಂದು ಒಳಗೊಳಗೇ ಹೆಗಲು ಮುಟ್ಟಿಕೊಳ್ಳುತ್ತಿದ್ದವಳಿಗೆ, ಕಳ್ಳತನವೇ ಆಗಿಲ್ಲ, ಜನಕ್ಕೇ ತಿಳಿವಳಿಕೆ ಇಲ್ಲ ಎಂದು ಹೇಳಿದ ಹಾಗಾಯಿತು. ವರದಿಯಲ್ಲಿ ಬರೆದೆ: ‘ಜನರ ಮೂಢನಂಬಿಕೆ.’ ಹಾಸನದ ಸಭೆಯಲ್ಲಿ ಎದ್ದು ನಿಂತು ವಿವರಿಸಿದೆ. ಮೇಲಿನವರು ತಲೆದೂಗಿದರು. ಸರ್ಕಾರ ಏನು ಕೊಟ್ಟರೂ ಜನ ಹೀಗಿದ್ದರೆ ಏನು ಮಾಡುವುದು ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ಮುಂದಿನ ಸಭೆಗೆ ಆ ವಿಷಯದ ಮೇಲೆ ಮಾತಾಡಲು ನನ್ನನ್ನೇ ಕರೆದರು. ನಾನು ಹೋದೆ. ಮಾತಾಡಿದೆ. ಚಪ್ಪಾಳೆಯೂ ಬಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಊರಿಗೆ ಒಂದು ಬೀದಿನಾಟಕ ಕಳಿಸಿದರು. ಹಲ್ಲು ಕಿತ್ತರೆ ಕಣ್ಣು ಹೋಗುವುದಿಲ್ಲ ಎಂದು ತಿಳಿಸುವ ನಾಟಕ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನೊಬ್ಬ, ದೊಡ್ಡ ರಟ್ಟಿನ ಹಲ್ಲು ಹೊತ್ತವನೊಬ್ಬ, ತಮಟೆ. ಊರಿನ ಜನ ಎಲ್ಲ ಬಂದು ಕೂತು ನೋಡಿದರು, ನಕ್ಕರು, ಆಡಿದವರಿಗೆ ಟೀ ಕೊಟ್ಟು ಕಳಿಸಿದರು. ಮಾರನೆಯ ದಿನ ಶಿಬಿರಕ್ಕೆ ಒಂದು ನರಪಿಳ್ಳೆಯೂ ಇಲ್ಲ. ನಾನು ಮತ್ತೆ ಬರೆದೆ: ಮೂಢನಂಬಿಕೆ ಬಹಳ ಆಳವಾಗಿದೆ.

ಹೀಗೆ ವರ್ಷ ಕಳೆದವು. ಕಾಗದ ಹೋಗಿ ಮೊಬೈಲಿನ ಆ್ಯಪ್ ಬಂತು. ಮೂವತ್ತು ದಾಟಿದವರೆಲ್ಲರ ಬಾಯಿ ನೋಡಿ, ಹುಣ್ಣು ಮಚ್ಚೆ ಇದ್ದರೆ ಮುಂದಕ್ಕೆ ಕಳಿಸಬೇಕು ಎಂದಾಯಿತು. ಹೊಗೆಸೊಪ್ಪು ಬೆಳೆಯುವ, ಹೊಗೆಸೊಪ್ಪು ಜಗಿಯುವ ಸೀಮೆಗೆ ಇದಕ್ಕಿಂತ ಬೇಕಾದ ಕೆಲಸ ಇನ್ನೊಂದಿಲ್ಲ. ಆ ಊರಿನ ಸಾಲು ಮಾತ್ರ ಖಾಲಿ. ಬಾಯಿ ತೋರಿಸಲು ಯಾಕೆ ಒಪ್ಪಲಿಲ್ಲ ಎಂಬುದಕ್ಕೆ ಆ್ಯಪ್‌ನಲ್ಲಿ ಕಾರಣಗಳ ಪಟ್ಟಿ ಇದೆ: ಭಯ, ದೂರ, ಮೂಢನಂಬಿಕೆ, ಇತರೆ. ನಾನು ಪ್ರತಿ ಸಲವೂ ಮೂರನೆಯದನ್ನು ಒತ್ತುತ್ತಿದ್ದೆ.

ಹೋದ ವರ್ಷ ಅವರೆಕಾಯಿಯ ಕಾಲದಲ್ಲಿ ಶೋಭಾಳ ಫೋನು ಬಂತು. ಚಿಕ್ಕತಾಯಮ್ಮನ ಮಗ ಮಾದೇವ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನಲ್ಲಿ ಕೆಲಸ ಮಾಡುವವನು, ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಕೆನ್ನೆಯ ಸಂದಿಗೆ ಒತ್ತರಿಸುವವನು. ಎರಡು ತಿಂಗಳಿಂದ ಖಾರ ತಿನ್ನಲು ಆಗುತ್ತಿಲ್ಲವಂತೆ. ಕೆನ್ನೆಯ ಒಳಗೆ ಏನೋ ಬೆಳ್ಳಗೆ ಇದೆಯಂತೆ. ನಿಮ್ಮ ಹತ್ತಿರ ಬಾ ಎಂದರೆ ಸುತರಾಂ ಒಪ್ಪುತ್ತಿಲ್ಲ, ಬೇರೆ ಕಡೆಗೆ ಹೋಗು ಎಂದರೆ ಅಲ್ಲಿಯೂ ಹಲ್ಲಿನ ಡಾಕ್ಟರೇ ತಾನೇ ಅಂತಾನೆ — ಎಂದಳು.

ನಾನು ಫೋನಿಟ್ಟೆ. ಬಿಳಿ ಮಚ್ಚೆ ಎಂದರೆ ಏನಾಗಬಹುದು, ಬಿಟ್ಟರೆ ಏನಾಗುತ್ತದೆ ಎಂದು ನಾನು ಪುಸ್ತಕದಲ್ಲೂ ಓದಿದ್ದೇನೆ, ಹಾಸನದ ವಾರ್ಡುಗಳಲ್ಲೂ ಕಂಡಿದ್ದೇನೆ. ತಾಯಿಯ ಎರಡು ಹಲ್ಲು ಆಗಲೇ ಹೋಗಿದ್ದವು. ಅದರ ಹಿಂದೆ ಮಗನ ಕೆನ್ನೆ, ಆಮೇಲೆ ಜೀವ — ಒಂದು ಸುಳ್ಳು ಎಷ್ಟು ದೂರ ನಡೆದುಕೊಂಡು ಬರುತ್ತದೆ! ಅವನ ಬಾಯಿ ತೆರೆಸಬೇಕಾದರೆ ಮೊದಲು ನನ್ನ ಬಾಯಿ ತೆರೆಯಬೇಕು ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಎರಡು ದಿನ ಬೇಕಾಯಿತು. ಅದನ್ನೂ ಹೇಳಬೇಕಲ್ಲ.

ಮೂರನೆಯ ದಿನ ಬೆಳಿಗ್ಗೆ ಶೋಭಾಳ ಜೊತೆ ಅವರ ಮನೆಗೆ ಹೋದೆ. ಚಿಕ್ಕತಾಯಮ್ಮ ಜಗುಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಹಿಂದೆ ಗೋಡೆಯ ಮೇಲೆ ಬುದ್ಧನ ಪಟ. ಬಾಯಿ ಪೂರ್ತಿ ಒಳಕ್ಕೆ ಹೋಗಿತ್ತು, ಸೆಟ್ಟು ಹಾಕಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತರಿಸಲು ಹೋದರು, ಬೇಡ ಎಂದು ಅವರ ಪಕ್ಕದಲ್ಲೇ ಕೂತೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ನಿಯಮ ಹಾಗಿತ್ತು, ಪಟ್ಟಿ ಹೀಗಿತ್ತು, ನಿಮಗೆ ಒಳ್ಳೆಯದಾಗಲಿ ಅಂತಲೇ — ಬೇಕಾದಷ್ಟು ಪೀಠಿಕೆ. ಒಂದೂ ಬಾಯಿಗೆ ಬರಲಿಲ್ಲ. ಕೈಗೆ ಸಿಕ್ಕಿದ ಒಂದು ಅವರೆಕಾಯಿ ಸುಲಿದೆ, ಇನ್ನೊಂದು ಸುಲಿದೆ.

“ಅಜ್ಜಿ, ಆವತ್ತು ನಿಮ್ಮ ಹಲ್ಲು ಹುಳುಕಾಗಿರಲಿಲ್ಲ,” ಎಂದೆ. “ನಾನು ಸುಳ್ಳು ಹೇಳಿದೆ.”

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣವ್ವ.”

ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಅಳುವಿಗೂ ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಆವತ್ತಿನಿಂದಲೇ ಎಂದರು. ಶಾಲೆಯ ಜಗುಲಿಯ ಅಂಚಿನಲ್ಲಿ ಬಿಸಿಲಿಗೆ ಹಿಡಿದು ನೋಡಿದೆನಲ್ಲ, ಆಗಲೇ ಅಂತ.

“ನಮ್ಮನೆ ಗಂಡ್ಸು ದನಿನ ದಳ್ಳಾಳಿ. ಅಲ್ಲು ನೋಡ್ದೆ ಒಂದ್ ಕರಾನೂವೆ ಅಟ್ಟಿಗ್ ತಂದೋರಲ್ಲ ನಾವು. ಉಳುಕ್ಯಾವ್ದು, ಗಟ್ಟಿ ಯಾವ್ದು, ನಂಗ್ ತಿಳ್ಯಾಕಿಲ್ವಾ?”

ನಿಜ. ಮೂವತ್ತು ವರ್ಷ ದನದ ಬಾಯಿಗೆ ಕೈ ಹಾಕಿ ವಯಸ್ಸು, ಆರೋಗ್ಯ, ಮಾರುವವನ ಸುಳ್ಳು, ಎಲ್ಲವನ್ನೂ ಕಂಡುಹಿಡಿದ ಮನೆಯ ಹೆಂಗಸಿಗೆ ನಾನು ಹಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದ್ದೆ. ಇಂಥ ಮೂರ್ಖತನಕ್ಕೆ ಅಳಬೇಕೋ ನಗಬೇಕೋ. ಆದರೂ ನನಗೆ ಒಂದು ಅರ್ಥವಾಗಲಿಲ್ಲ. ಮತ್ತೆ ಊರಿನವರೆಲ್ಲ ಕಣ್ಣು ಹೋಗುತ್ತದೆ ಎಂದು ಹೆದರಿದ್ದು — ಎಂದು ಕೇಳಿದೆ.

ಚಿಕ್ಕತಾಯಮ್ಮ ಶೋಭಾಳ ಕಡೆ ನೋಡಿದರು. ಶೋಭಾ ಮತ್ತೆ ಸೆರಗಿನ ತುದಿ ನೋಡಿಕೊಂಡಳು.

“ಅದು ಮ್ಯಾಲಿನ್ ಅಲ್ಲಿಗೆ ಅನ್ನೋ ಮಾತು ಕಣವ್ವ. ನೀವ್ ಕಿತ್ತಿದ್ದು ಕೆಳಗಿಂದು. ನನ್ ಕಣ್ಣಿನ್ ಪೊರೆ ಆಸನದಲ್ಲಿ ತೆಗ್ದ್ರು, ಈಗ ಸೂಜೀಗೆ ದಾರ ಪೋಣುಸ್ತೀನಿ.” ಒಂದು ಕಾಯಿ ಸುಲಿದು ಮೊರಕ್ಕೆ ಹಾಕಿದರು. “ಡಾಕ್ಟ್ರವ್ವ ಸುಳ್ ಏಳ್ತಾಳೆ, ಅದುಕ್ಕೆ ಬರಾಕಿಲ್ಲ ಅಂತ ಮೊಕಕ್ ಒಡ್ದಂಗೆ ಏಳಕ್ಕಾಯ್ತದಾ? ದೂರದಿಂದ ಬಂದೋರು ನೀವು. ಅದುಕ್ಕೇ ಕಣ್ಣು ಅಂದೋ.”

ಕಣ್ಣಿಗೆ ಸಂಬಂಧಿಸಿದ್ದು ಮೇಲಿನ ಹಲ್ಲು ಎಂಬ ಮಾತು ನನಗೂ ಗೊತ್ತಿದ್ದದ್ದೇ. ಪ್ರತಿ ಊರಿನಲ್ಲೂ ಕೇಳಿದ್ದೇನೆ. ಒಂದು ನಿಮಿಷ ಯೋಚಿಸಿದ್ದರೆ ತಿಳಿಯುತ್ತಿತ್ತು. ಇಡೀ ಊರು ನನ್ನ ಮುಖ ಮುರಿಯಬಾರದು ಎಂದು ಒಂದು ಮರ್ಯಾದೆಯ ನೆಪ ಹುಡುಕಿ ನನ್ನ ಕೈಗೆ ಕೊಟ್ಟಿತ್ತು. ನಾನು ಅದನ್ನು ತೆಗೆದುಕೊಂಡು ಹೋಗಿ ಅವರ ಅಜ್ಞಾನ ಎಂದು ವರದಿ ಬರೆದೆ. ಸಭೆಯಲ್ಲಿ ಭಾಷಣ ಮಾಡಿದೆ. ಅವರ ಮೇಲೆ ನಾಟಕ ಆಡಿಸಿದೆ. ಒಂಬತ್ತು ವರ್ಷ ಆ ಊರು ನನ್ನ ಮಾನ ಕಾಯಿತು, ನಾನು ಅದರ ಮಾನ ಕಳೆದೆ.

ಎದುರಿಗೆ ಕೂತು ಅತ್ತೆ. ಅಳಬಾರದು ಎಂದುಕೊಂಡಿದ್ದೆ, ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಅಂತ. ಹಾಗೇ ಆಯಿತು ಎಂದುಕೊಂಡರೆ — ಇಲ್ಲ, ಚಿಕ್ಕತಾಯಮ್ಮ ಸಮಾಧಾನ ಮಾಡಲಿಲ್ಲ. ಮೊರವನ್ನು ನನ್ನ ಕಡೆ ಸ್ವಲ್ಪ ಸರಿಸಿದರು, ಸುಲಿ ಎನ್ನುವ ಹಾಗೆ. ಸುಲಿದೆ. ನಾಟಕ ಚೆನ್ನಾಗಿತ್ತು ಎಂದು ಮಾತ್ರ ಹೇಳಿದರು, ಆ ರಟ್ಟಿನ ಹಲ್ಲು ಹೊತ್ತವನು ಬಹಳ ನಗಿಸಿದ ಅಂತ.

ಸ್ವಲ್ಪ ಹೊತ್ತಿನ ಮೇಲೆ ಒಳಗಡೆ ತಿರುಗಿ ಮಗನನ್ನು ಕರೆದರು. ಅವನು ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

“ಬಾರ್ಲಾ ಮಾದೇವ. ಬಾಯ್ ಬುಟ್ಟು ತೋರ್ಸು. ಇವತ್ತು ನಿಜ ಏಳ್ತಾರೆ.”

ಮಾದೇವ ಬಂದು ಕುಕ್ಕರುಗಾಲಿನಲ್ಲಿ ಕೂತ. ಬಾಯಿ ತೆರೆದ. ಬಲಗೆನ್ನೆಯ ಒಳಗೆ ಹೆಬ್ಬೆರಳ ಉಗುರಿನಷ್ಟು ಬಿಳಿ ಮಚ್ಚೆ, ಅದರ ಅಂಚು ಕೆಂಪು. ಏನೂ ಇಲ್ಲ, ಹೆದರಬೇಡ ಎಂಬ ಮಾತು ಅಭ್ಯಾಸಬಲದಿಂದ ತುಟಿಯವರೆಗೆ ಬಂತು. ನುಂಗಿಕೊಂಡೆ. ಇದು ಕೆಟ್ಟದ್ದಿರಬಹುದು, ಇಲ್ಲದೆಯೂ ಇರಬಹುದು, ನನಗೆ ನೋಡಿ ಹೇಳಲಾಗುವುದಿಲ್ಲ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವನು ತಾಯಿಯ ಮುಖ ನೋಡಿದ. ತಾಯಿ ನನ್ನ ಮುಖ ನೋಡಿದರು, ಬಹಳ ಹೊತ್ತು, ಸಂತೆಯಲ್ಲಿ ದನ ಕೊಳ್ಳುವವರು ನೋಡುವ ಹಾಗೆ. ಆಮೇಲೆ ಹೂಂ ಎಂದರು.

ಹಾಸನಕ್ಕೆ ಹೋದೆವು. ಚೂರು ತೆಗೆದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಾನು ಯಾವ ಪಟ್ಟಿಯನ್ನೂ ತುಂಬಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ಕಾಗದ ಬಂತು — ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿಯಲ್ಲಿತ್ತು. ಮಚ್ಚೆಯನ್ನು ಪೂರ್ತಿ ತೆಗೆದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸು ಎಂದಿದ್ದಾರೆ, ಬರುತ್ತಿದ್ದಾನೆ. ಹೊಗೆಸೊಪ್ಪು ಬಿಟ್ಟಿದ್ದೇನೆ ಅಂತಾನೆ; ಬ್ಯಾರನ್ನಿನ ಕೆಲಸ ಬಿಡಲಾಗದು, ದಿನವಿಡೀ ಅದರ ಘಾಟಿನಲ್ಲೇ ನಿಂತು ಬಿಡುವುದು ಸುಲಭವಲ್ಲ. ಬಿಟ್ಟಿದ್ದಾನೆಂದು ನಾನು ಬರೆದುಕೊಂಡಿಲ್ಲ. ಪ್ರಯತ್ನ ಮಾಡುತ್ತಿದ್ದಾನೆ ಎಂದು ಬರೆದುಕೊಂಡಿದ್ದೇನೆ.

ಆ ಊರಿನ ಹೆಂಗಸರು ಮುಂದಿನ ಶಿಬಿರಕ್ಕೆ ಬಂದರು. ಎಲ್ಲರೂ ಅಲ್ಲ, ಆರು ಜನ. ನಾನು ಮೊದಲು ನಿಂತು, ಇಲ್ಲಿ ಚಿಕ್ಕತಾಯಮ್ಮನವರ ಒಳ್ಳೆಯ ಹಲ್ಲನ್ನು ಸುಳ್ಳು ಹೇಳಿ ಕಿತ್ತಿದ್ದೆ ಎಂದು ಎಲ್ಲರೆದುರು ಹೇಳಿದೆ. ಅವರಿಗೆ ಅದು ಹೊಸ ಸುದ್ದಿಯೇನಲ್ಲ. ಅಷ್ಟಾದರೂ ಗೊತ್ತಾಯಿತಲ್ಲ ಇವಳಿಗೆ ಎನ್ನುವ ಹಾಗೆ ಕೇಳಿಸಿಕೊಂಡರು. ಈಗ ಯಾರ ಹಲ್ಲು ಕೀಳುವ ಮೊದಲೂ ಕೈಗೆ ಕನ್ನಡಿ ಕೊಡುತ್ತೇನೆ. ಕಿತ್ತ ಮೇಲೆ ತೊಳೆದು ಅಂಗೈಗೆ ಹಾಕುತ್ತೇನೆ, ನೋಡಿಕೊಳ್ಳಿ ಅಂತ. ಸಾಲು ನಿಧಾನವಾಗುತ್ತದೆ. ಸಂಜೆಗೆ ಪಟ್ಟಿಯಲ್ಲಿ ಖಾಲಿ ಸಾಲುಗಳಿರುತ್ತವೆ. ಇರಲಿ.

ನನ್ನ ಹಳೆಯ ವರದಿಗಳನ್ನು ತಿದ್ದಲು ಹೋದೆ. ಆ್ಯಪ್‌ನಲ್ಲಿ ‘ಮೂಢನಂಬಿಕೆ’ ತೆಗೆದು ‘ಡಾಕ್ಟರು ಸುಳ್ಳು ಹೇಳಿದ್ದು’ ಎಂದು ಬರೆಯಲು ಜಾಗವೇ ಇಲ್ಲ. ಹಾಸನದಲ್ಲಿ ಕೇಳಿದರೆ, ಆ ಕಾರಣ ಪಟ್ಟಿಯಲ್ಲಿಲ್ಲ ಮೇಡಂ, ಇತರೆ ಎಂದು ಒತ್ತಿಬಿಡಿ ಎಂದರು. ಒತ್ತಿದೆ. ಆಮೇಲೆ ಬಿಳಿಹಾಳೆಯಲ್ಲಿ ಎಲ್ಲವನ್ನೂ ಬರೆದು, ಸಹಿ ಹಾಕಿ, ಮೇಲಿನವರಿಗೆ ಕಳಿಸಿದ್ದೇನೆ. ವಿಚಾರಣೆ ಆಗಬಹುದು, ಶಿಕ್ಷೆಯೂ ಆಗಬಹುದು. ಇನ್ನೂ ಉತ್ತರ ಬಂದಿಲ್ಲ. ಆ ಭಯಕ್ಕಿಂತ, ಮುಂದಿನ ಸಭೆಯಲ್ಲಿ ಆ ಊರನ್ನು ಮೂಢರ ಊರು ಎಂದು ಯಾರೂ ಅನ್ನುವುದಿಲ್ಲ ಎಂಬ ನೆಮ್ಮದಿಯೇ ಹೆಚ್ಚು. ‘ಇತರೆ’ಯೊಳಗೆ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾದೇವನ ಕಾಗದ ಬಂದ ದಿನ ಅದನ್ನು ಓದಿ ಹೇಳಲು ನಾನೇ ಅವರ ಮನೆಗೆ ಹೋಗಿದ್ದೆ. ಕ್ಯಾನ್ಸರ್ ಅಲ್ಲ ಎಂದಾಗ ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಅವರ ಸೊಸೆ ಟೀ ತಂದು ಕೊಟ್ಟಳು. ಎಲ್ಲರಿಗೂ ಉಸಿರು ಬಂದ ಹಾಗಿತ್ತು, ಅಷ್ಟೇ. ನಾನು ಹೊರಡಲು ಏಳುವಾಗ ಕೂತುಕೊಳ್ಳಿ ಎಂದರು. ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಅದರ ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಎರಡು ಕೋರೆಹಲ್ಲು. ಎಲೆಯ ಕರೆ ಹತ್ತಿ ಕಂದಾಗಿದ್ದವು.

ನನ್ನ ಅಂಗೈಗೆ ಹಾಕಿದರು.

“ಬಿಸಿಲಿಗಿಡ್ಕಂಡ್ ನೋಡಿ. ಉಳುಕು ಎಲ್ಲದೆ ತೋರ್ಸಿ.”

ಜಗುಲಿಯ ಅಂಚಿಗೆ ಹೋಗಿ ನೋಡಿದೆ. ಒಂಬತ್ತು ವರ್ಷದ ಹಿಂದೆ ಅವರು ನಿಂತಿದ್ದ ಹಾಗೇ ನಿಂತು, ತಿರುಗಿಸಿ ತಿರುಗಿಸಿ ನೋಡಿದೆ. ಒಂದು ತೂತಿಲ್ಲ, ಒಂದು ಬಿರುಕಿಲ್ಲ. ಉದ್ದನೆಯ ನೇರ ಬೇರು.

“ಎಲ್ಲೂ ಇಲ್ಲ ಅಜ್ಜಿ,” ಎಂದೆ. “ಒಳ್ಳೆಯ ಹಲ್ಲು.”

“ಊಂ,” ಎಂದರು. “ಅದೊಂದ್ ಮಾತ ನಿಮ್ ಬಾಯಲ್ಲಿ ಕೇಳ್ಬೇಕಿತ್ತು.”

ಅವನ್ನು ನಾನು ಇಟ್ಟುಕೊಳ್ಳಲೇ ಎಂದು ಕೇಳಿದೆ. ಯಾಕೆ ಕೇಳಿದೆನೋ — ಮೇಜಿನ ಮೇಲಿಟ್ಟುಕೊಂಡು ದಿನಾ ನೋಡಬೇಕು ಎಂದೋ, ನೋಡಿ ನಾನು ಒಳ್ಳೆಯವಳಾಗಿದ್ದೇನೆ ಎಂದುಕೊಳ್ಳಬೇಕು ಎಂದೋ. ಚಿಕ್ಕತಾಯಮ್ಮ ನನ್ನ ಅಂಗೈಯಿಂದ ಎರಡನ್ನೂ ಒಂದೊಂದಾಗಿ ಹೆಕ್ಕಿಕೊಂಡರು.

“ನಿಮಗ್ಯಾಕವ್ವ? ಇವು ನನ್ನವು. ನಾ ಮಣ್ಣಿಗೋಗೋವಾಗ ಜೊತೇಲ್ ಬತ್ತವೆ.”

ಬಟ್ಟೆಗೆ ಹಾಕಿ ಗಂಟು ಬಿಗಿದು, ಚೀಲದ ತಳಕ್ಕೆ ಇಟ್ಟುಕೊಂಡರು. ನಾನು ಬರಿಗೈಯಲ್ಲಿ ಬಸ್ಸಿಗೆ ನಡೆದೆ.